ಸೊಂಟದ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ: ಮುನ್ನ ಹಾಗೂ ನಂತರದ ವ್ಯಾಯಾಮಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ತೊಡೆಮೂಳೆಯ ಗುಂಡಾದ ತಲೆಯು ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂತಹ ಕುಳಿಯಲ್ಲಿ ಕೂಡುವ ಸ್ಥಳವೇ ಸೊಂಟದ ಕೀಲು. ಆಡುಮಾತಿನಲ್ಲಿ ಸೊಂಟನೋವು ಎಂದರೆ ಬಹುತೇಕ ಬೆನ್ನಿನ ಕೆಳಭಾಗದ ನೋವೆಂದೇ ಅರ್ಥ. ಆದರೆ ಈ ಕೀಲಿನ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ, ಕೆಲವೊಮ್ಮೆ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೊಣಕಾಲಿಗೆ ಎಣ್ಣೆ ತಿಕ್ಕಿ ತಿಂಗಳುಗಟ್ಟಲೆ ಕಳೆದ ನಂತರ ದೋಷವು ಸೊಂಟದ ಕೀಲಿನಲ್ಲಿದೆಯೆಂದು ತಿಳಿದುಬರುವ ಪ್ರಕರಣಗಳೂ ಉಂಟು.

ಕೀಲು ಸವೆಯುವುದು, ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ನಿಂತು ಅದು ಕುಸಿಯುವುದು, ವೃದ್ಧರು ಬಿದ್ದು ಮೂಳೆಯ ಕತ್ತು ಮುರಿಯುವುದು ಈ ಶಸ್ತ್ರಚಿಕಿತ್ಸೆಗೆ ಪ್ರಮುಖ ಕಾರಣಗಳು. ದೀರ್ಘಕಾಲ ಸ್ಟೀರಾಯ್ಡ್ ಔಷಧ ಸೇವಿಸಿದವರಲ್ಲಿ ಹಾಗೂ ಅತಿಯಾದ ಮದ್ಯಪಾನಿಗಳಲ್ಲಿ ಎರಡನೆಯ ಕಾರಣವು ಚಿಕ್ಕ ವಯಸ್ಸಿನಲ್ಲಿಯೇ ಕಂಡುಬರುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಗುರುತಿಸಲಾದ ವಂಶಪಾರಂಪರ್ಯ ಕಾಯಿಲೆಯೂ ಮುಖ್ಯವಾಗಿ ಇದೇ ಕೀಲನ್ನು ಬಾಧಿಸುತ್ತದೆ. ಇಂದು ಬಳಕೆಯಲ್ಲಿರುವ ಶಸ್ತ್ರಚಿಕಿತ್ಸಾ ವಿಧಾನಕ್ಕೆ ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿ ಅವರು 1962ರಲ್ಲಿ ಭದ್ರ ಬುನಾದಿ ಹಾಕಿದರು.

ಶಸ್ತ್ರಚಿಕಿತ್ಸೆಗೆ ಮುನ್ನ

ನೋವಿನ ಕಾರಣ ಕಾಲನ್ನು ಬಳಸದಿರುವುದರಿಂದ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಸೊರಗಿರುತ್ತವೆ. ಹೊಸ ಕೀಲನ್ನು ಅಳವಡಿಸಿದ ಮಾತ್ರಕ್ಕೆ ಈ ಸ್ನಾಯುಗಳಿಗೆ ಬಲ ಬರುವುದಿಲ್ಲ. ಆದ್ದರಿಂದ ದಿನಾಂಕ ನಿಗದಿಯಾದ ಕೂಡಲೇ ವ್ಯಾಯಾಮ ಆರಂಭಿಸುವುದು ಸೂಕ್ತ. ಅಂಗಾತ ಮಲಗಿ ಮೊಣಕಾಲಿನ ಹಿಂಭಾಗವನ್ನು ಹಾಸಿಗೆಗೆ ಒತ್ತಿ 5 ಸೆಕೆಂಡು ಹಿಡಿದು ಸಡಿಲಿಸುವುದು, ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು, ಕುರ್ಚಿಯಲ್ಲಿ ಕುಳಿತು ಮೊಣಕಾಲನ್ನು ನೇರ ಮಾಡುವುದು, ಇವುಗಳನ್ನು ತಲಾ 10 ಬಾರಿಯಂತೆ ದಿನಕ್ಕೆ ಎರಡು ಮೂರು ಸಲ ಮಾಡಬಹುದು. ಮುಂದೆ ವಾಕರ್ ಹಿಡಿದು ನಡೆಯಲು ತೋಳುಗಳಿಗೂ ಬಲ ಬೇಕಾಗುವುದರಿಂದ, ಕುರ್ಚಿಯ ಕೈಗಳನ್ನು ಊರಿ ಮೇಲೇಳುವ ಅಭ್ಯಾಸ ಉಪಯುಕ್ತ. ಬಿದ್ದು ಮೂಳೆ ಮುರಿದುಕೊಂಡವರಿಗೆ ಈ ಸೂಚನೆಗಳು ಅನ್ವಯಿಸುವುದಿಲ್ಲ. ಅಂತಹವರು ಮುರಿದ ಕಾಲನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ದಾಖಲಾಗತಕ್ಕದ್ದು.

ಮನೆಯ ಸಿದ್ಧತೆಯೂ ವ್ಯಾಯಾಮದಷ್ಟೇ ಮುಖ್ಯ. ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯ ಮಾತ್ರ ಇರುವ ಮನೆಗಳಲ್ಲಿ ಮಧ್ಯೆ ರಂಧ್ರವಿರುವ ಕಮೋಡ್ ಕುರ್ಚಿಯನ್ನು ಮುಂಚಿತವಾಗಿಯೇ ಒದಗಿಸಿಕೊಳ್ಳಬೇಕು. ನೆಲದ ಮೇಲಿನ ಹಾಸಿಗೆಗೆ ಬದಲಾಗಿ ಮಂಚ ಅವಶ್ಯಕ. ಜಾರುವ ಚಾಪೆ, ಕಾಲೊರಸುಗಳನ್ನು ನಡೆಯುವ ದಾರಿಯಿಂದ ತೆಗೆದಿಡುವುದು.

ಶಸ್ತ್ರಚಿಕಿತ್ಸೆಯ ನಂತರ

ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನವೇ ರೋಗಿಯನ್ನು ವಾಕರ್ ಸಹಾಯದಿಂದ ನಿಲ್ಲಿಸಲಾಗುತ್ತದೆ. ತಿಂಗಳುಗಟ್ಟಲೆ ಮಲಗಿಯೇ ಇರಬೇಕೆಂಬ ನಂಬಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿ. ಅಲುಗಾಡದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಸಾಗಿದಲ್ಲಿ ಪ್ರಾಣಕ್ಕೇ ಸಂಚಕಾರವಾಗಬಹುದು. ಎಚ್ಚರವಿರುವಾಗ ಪ್ರತಿ ಗಂಟೆಗೊಮ್ಮೆ ಪಾದವನ್ನು ಮೇಲಕ್ಕೂ ಕೆಳಕ್ಕೂ 10 ಬಾರಿ ಆಡಿಸುವ ಸರಳ ವ್ಯಾಯಾಮವನ್ನು ಸೂಚಿಸುವುದು ಈ ಕಾರಣಕ್ಕಾಗಿಯೇ. ವೈದ್ಯರು ನೀಡಿದ ರಕ್ತ ತೆಳುಗೊಳಿಸುವ ಔಷಧವನ್ನು ಸ್ವಇಚ್ಛೆಯಿಂದ ನಿಲ್ಲಿಸಬಾರದು.

ಮುನ್ನ ಕಲಿತ ತೊಡೆ ಮತ್ತು ಪೃಷ್ಠದ ವ್ಯಾಯಾಮಗಳನ್ನು ಮುಂದುವರಿಸಿ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೊಣಕಾಲು ಮಡಿಸುವುದನ್ನು ಹಾಗೂ ಫಿಸಿಯೋಥೆರಪಿಸ್ಟ್ ಅನುಮತಿಸಿದ ನಂತರ ಕಾಲನ್ನು ಪಕ್ಕಕ್ಕೆ ಚಾಚುವುದನ್ನು ಸೇರಿಸಿಕೊಳ್ಳಬೇಕು. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನು ಶಸ್ತ್ರಚಿಕಿತ್ಸಕರೇ ನಿರ್ಧರಿಸುತ್ತಾರೆ. ನೆರೆಮನೆಯವರ ಅನುಭವವನ್ನು ಅನುಸರಿಸುವುದು ಸಲ್ಲದು. ಮೆಟ್ಟಿಲು ಹತ್ತುವಾಗ ಮೊದಲು ಚೆನ್ನಾಗಿರುವ ಕಾಲು, ಇಳಿಯುವಾಗ ಮೊದಲು ಶಸ್ತ್ರಚಿಕಿತ್ಸೆಯಾದ ಕಾಲು. ವಾಕರ್ ಬಿಟ್ಟು ಕೋಲು ಹಿಡಿಯುವ ಹಂತದಲ್ಲಿ ಹೆಚ್ಚಿನವರು ಅದನ್ನು ನೋವಿರುವ ಕಡೆಯೇ ಹಿಡಿಯುತ್ತಾರೆ. ಕೋಲು ಎದುರು ಬದಿಯ ಕೈಯಲ್ಲಿದ್ದರೆ ಮಾತ್ರ ಹೊಸ ಕೀಲಿನ ಭಾರ ಕಡಿಮೆಯಾಗುತ್ತದೆ.

ಕೀಲಿನ ಹಿಂಭಾಗದಿಂದ ಶಸ್ತ್ರಚಿಕಿತ್ಸೆ ಮಾಡಿದ್ದಲ್ಲಿ, ಸಾಮಾನ್ಯವಾಗಿ 6ರಿಂದ 12 ವಾರಗಳವರೆಗೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸುವುದು, ಕಾಲಿನ ಮೇಲೆ ಕಾಲು ಹಾಕುವುದು, ಪಾದವನ್ನು ಒಳಮುಖವಾಗಿ ತಿರುಗಿಸುವುದು ನಿಷಿದ್ಧ. ಮಣೆಯ ಮೇಲೆ ಊಟಕ್ಕೆ ಕೂರುವುದು, ನೆಲ ಸಾರಿಸುವುದು, ಬಾಗಿ ಹಿರಿಯರ ಕಾಲಿಗೆರಗುವುದು ಇವೆಲ್ಲವೂ ಇದರಲ್ಲಿ ಸೇರುತ್ತವೆ. ಪೂಜೆ, ನಮಾಜುಗಳನ್ನು ಎತ್ತರದ ಕುರ್ಚಿಯಲ್ಲಿ ಕುಳಿತು ನೆರವೇರಿಸಬಹುದು. ಮಲಗುವಾಗ ಎರಡೂ ಕಾಲುಗಳ ನಡುವೆ ದಿಂಬು ಇರಲಿ. ಅವಧಿ ಮುಗಿದ ನಂತರವೂ ನೆಲದ ಮೇಲೆ ಕೂರುವ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಕಾಲು ಸರಿಯಾಗಲೆಂದು ನಾಟಿ ಮೂಳೆ ಚಿಕಿತ್ಸಕರಿಂದ ಎಳೆಸುವುದು, ತಿರುಚಿಸುವುದು ಕೀಲು ಜಾರಲು ಕಾರಣವಾಗಬಹುದು.

ಮೀನಖಂಡದಲ್ಲಿ ಊತ ಅಥವಾ ನೋವು, ಗಾಯದಿಂದ ಸ್ರಾವ, ಜ್ವರ ಕಂಡುಬಂದಲ್ಲಿ ಅದೇ ದಿನ ಆಸ್ಪತ್ರೆಗೆ ತೋರಿಸತಕ್ಕದ್ದು. ಹಠಾತ್ ಉಸಿರಾಟದ ತೊಂದರೆ ಅಥವಾ ಎದೆನೋವು ಉಂಟಾದಲ್ಲಿ, ಇಲ್ಲವೇ ತೀವ್ರ ನೋವಿನೊಂದಿಗೆ ಕಾಲು ಗಿಡ್ಡವಾದಂತೆ ಕಂಡು ನಿಲ್ಲಲಾಗದಿದ್ದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕು.

ಸೌಲಭ್ಯ ಕೋರುವವರ ಗಮನಕ್ಕೆ

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಕೋರುವವರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಮಾತ್ರ ಶಿಫಾರಸು ಪತ್ರ ನೀಡಲಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮನೆಗೆ ತೆರಳುವಾಗ ಡಿಸ್‌ಚಾರ್ಜ್ ಪತ್ರದಲ್ಲಿ ವ್ಯಾಯಾಮದ ವಿವರ, ಭಾರ ಹಾಕುವ ಮಿತಿ ಮತ್ತು ಅಳವಡಿಸಿದ ಕೃತಕ ಕೀಲಿನ ವಿವರಗಳನ್ನು ಬರೆಸಿಕೊಳ್ಳಬೇಕು. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ವ್ಯಾಯಾಮ ಮುಂದುವರಿಸಲು ಈ ಪತ್ರವನ್ನು ಹಾಜರುಪಡಿಸಬೇಕಾಗುತ್ತದೆ.