ಸೈಡರ್: ಒಂದು ಮನೆಪಾನೀಯದ ಏಳುಬೀಳು

ನಾವು ಬಂದು ನೆಲೆಸಿರುವ ಅಮೆರಿಕದ ಚರಿತ್ರೆಯನ್ನು ಯುದ್ಧಗಳ ಮೂಲಕ, ಅಧ್ಯಕ್ಷರ ಮೂಲಕ ಓದುವುದು ವಾಡಿಕೆ. ರೈತರ ನೆಲಮಾಳಿಗೆಯಲ್ಲಿದ್ದ ಪೀಪಾಯಿಯ ಮೂಲಕವೂ ಅದನ್ನು ಓದಬಹುದು. ಆ ಪೀಪಾಯಿಯಲ್ಲಿದ್ದುದು ಸೈಡರ್, ಅಂದರೆ ಹುದುಗಿಸಿದ ಸೇಬಿನ ರಸ.

ಇಲ್ಲಿನ ಕಾಡಿನಲ್ಲಿದ್ದುದು ಹುಳಿಯಾದ ಕಿರುಸೇಬು ಮಾತ್ರ. ಮಧ್ಯ ಏಷ್ಯಾ ಮೂಲದ ತೋಟದ ಸೇಬು ನಮ್ಮಂತೆಯೇ ವಲಸೆ ಬಂದದ್ದು. 1620ರ ದಶಕದಲ್ಲಿ, ಇಂದು ಬಾಸ್ಟನ್ ನಗರವಿರುವ ಸ್ಥಳದಲ್ಲಿ ಒಂಟಿಯಾಗಿ ನೆಲೆಸಿದ ಪಾದ್ರಿ ವಿಲಿಯಂ ಬ್ಲ್ಯಾಕ್‌ಸ್ಟನ್ ಸೇಬಿನ ತೋಟ ಮಾಡಿದ ಮೊದಲಿಗರಲ್ಲೊಬ್ಬರು. ಸೇಬಿನ ಬೀಜ ಬಿತ್ತಿದರೆ ತಾಯಿಮರದ ಹಣ್ಣು ಬರುವುದಿಲ್ಲ. ಪ್ರತಿ ಸಸಿಯೂ ಹೊಸ ಬಗೆ, ಹಣ್ಣು ಬಹುಪಾಲು ಹುಳಿ ಇಲ್ಲವೇ ಕಹಿ. ಅಂಥವೆಲ್ಲ ಗಾಣಕ್ಕೆ ಹೋಗುತ್ತಿದ್ದವು. ‘ಜಾನಿ ಆಪಲ್‌ಸೀಡ್’ ಎಂದು ಪ್ರಸಿದ್ಧರಾದ ಜಾನ್ ಚಾಪ್‌ಮನ್ (1774–1845) ಒಹಾಯೊ, ಇಂಡಿಯಾನಾ ಸೀಮೆಗಳಲ್ಲಿ ಬೆಳೆಸಿದ ಸಸಿಗಳ ಹಣ್ಣೂ ಹೆಚ್ಚಾಗಿ ಸೈಡರಿಗೇ ಒದಗಿತು. ಮುಂಜಾನೆ ಸೈಡರ್ ಕುಡಿದು ಹಿತವಾಯಿತೆಂದು ಜಾನ್ ಆಡಮ್ಸ್ 1796ರ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಮರದ ದಿಮ್ಮಿಯ ಗುಡಿಸಲನ್ನೂ ಸೈಡರ್ ಪೀಪಾಯಿಯನ್ನೂ ಲಾಂಛನವಾಗಿಸಿಕೊಂಡು ಅಧ್ಯಕ್ಷ ಪದವಿಗೇರಿದರು.

ಮಲೆನಾಡಿನವನಾದ ನನಗೆ ನ್ಯೂ ಇಂಗ್ಲೆಂಡಿನ ಸೇಬಿನ ಗಾಣವೆಂದರೆ ಆಲೆಮನೆಯ ಸೋದರನೇ ಸರಿ. ಅಲ್ಲಿ ಕಬ್ಬಿನ ಹಾಲು, ಇಲ್ಲಿ ಸೇಬಿನ ರಸ. ನಮ್ಮವರು ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಬೆರೆಸಿ, ಕಾದ ಮಡಕೆಯ ಮೇಲೆ ತೆಳ್ಳಗೆ ಬಳಿದು ತೊಡೆದೇವು ಮಾಡಿದರೆ, ಇವರು ಸೇಬಿನ ರಸದಲ್ಲಿ ಹಿಟ್ಟು ಕಲಸಿ ಡೋನಟ್ ಕರಿಯುತ್ತಾರೆ.

ಇಷ್ಟು ಬೇರೂರಿದ್ದ ಪಾನೀಯ ಮರೆಯಾದುದೇಕೆ? 1920ರಿಂದ 1933ರವರೆಗಿನ ಪಾನನಿರೋಧವೇ ಕಾರಣವೆಂಬುದು ಸಾಮಾನ್ಯ ನಂಬಿಕೆ. ಆದರೆ ಅವನತಿ ಅದಕ್ಕೆ ಬಹು ಮೊದಲೇ ಆರಂಭವಾಗಿತ್ತು. ಜನ ಹಳ್ಳಿ ತೊರೆದು ಪಟ್ಟಣ ಸೇರಿದರು. ಜರ್ಮನ್ ವಲಸೆಗಾರರು ತಂದ ಬಿಯರ್ ಅಲ್ಲಿ ಅಗ್ಗವಾಗಿ ದೊರೆಯಿತು. ಮನೆಬಳಕೆಯ ಸೈಡರಿಗೆ ವೋಲ್‌ಸ್ಟೆಡ್ ಕಾಯಿದೆ ವಿನಾಯಿತಿಯನ್ನೂ ಕೊಟ್ಟಿತ್ತು. ಕಾನೂನು ಬಾಗಿಲು ಮುಚ್ಚುವ ಮೊದಲೇ ಅನೇಕ ಮನೆಗಳು ಪೀಪಾಯಿಯನ್ನು ಮರೆತಿದ್ದವು. ಈ ನಾಡಿನಲ್ಲಿ ‘ಸೈಡರ್’ ಎಂದರೆ ಹುದುಗದ ರಸವೆಂದೇ ಅರ್ಥವಾಗಿ, ಹಳೆಯ ಪಾನೀಯಕ್ಕೆ ‘ಹಾರ್ಡ್’ ಎಂಬ ವಿಶೇಷಣ ಅಗತ್ಯವಾಯಿತು.

ಅದರ ಪುನರುಜ್ಜೀವನವೂ ಸ್ವಾರಸ್ಯಕರ. ನ್ಯೂಜೆರ್ಸಿಯ ಹೆಸರಾಂತ ‘ಹ್ಯಾರಿಸನ್’ ಸೇಬಿನ ತಳಿ ಅಳಿದೇಹೋಯಿತೆಂದು ಭಾವಿಸಲಾಗಿತ್ತು. 1976ರಲ್ಲಿ ಲಿವಿಂಗ್‌ಸ್ಟನ್ ಊರಿನಲ್ಲಿ ಅದರ ಮರವೊಂದು ಸಿಕ್ಕಿತು. ಅದರ ಕಡ್ಡಿಗಳನ್ನು ಕಸಿಮಾಡಿ ತಳಿಯನ್ನು ಉಳಿಸಿಕೊಂಡರು. 1990ರ ದಶಕದಿಂದ ಸೈಡರ್ ಮತ್ತೆ ಅಂಗಡಿಗಳಿಗೆ ಬಂದಿತು.

ಇಂಥ ಸೈಡರುಗಳ ರುಚಿ ನೋಡುವಾಗ ನನಗೆ ಒದಗುವುದು ಕನ್ನಡದ ನಾಲಗೆ. ಒಳ್ಳೆಯ ಸೈಡರಿನಲ್ಲಿ ಸಿಹಿ, ಹುಳಿ, ಕಹಿಗಳ ಹಿಂದೆ ನೆಲ್ಲಿಕಾಯಿಯದೇ ಒಗರು ಸುಳಿಯುತ್ತದೆ. ಪಕ್ಕದಲ್ಲಿ ಖಾರದ ಕೋಡುಬಳೆಯಿದ್ದರೆ ಇನ್ನೂ ಸೊಗಸು. ಮನೆಯಲ್ಲಿ ತಯಾರಿಸುವುದೂ ಕಷ್ಟವಲ್ಲ. ಸಂರಕ್ಷಕ ಬೆರೆಸದ ಒಂದು ಗ್ಯಾಲನ್ ರಸ, ಚಿಟಿಕೆ ಯೀಸ್ಟ್, ಅನಿಲ ಹೊರಹೋಗುವ ಬಿರಡೆಯುಳ್ಳ ಶುಭ್ರವಾದ ಗಾಜಿನ ಜಾಡಿ: ಇಷ್ಟೇ ಸಲಕರಣೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಕೆಲವು ವಾರಗಳಲ್ಲಿ ಗುಳ್ಳೆಗಳು ನಿಂತು ರಸ ತಿಳಿಯಾಗತೊಡಗುತ್ತದೆ. ದೋಸೆಹಿಟ್ಟು ಹುದುಗುವುದನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ. ಕುಡಿಯದವರಿಗೆ ಏಲಕ್ಕಿ, ಶುಂಠಿ ಹಾಕಿ ಬಿಸಿಮಾಡಿದ ಹುದುಗದ ರಸವೇ ಪಾನಕವಾಗುತ್ತದೆ.

ಈ ಇತಿಹಾಸ ನಮಗೂ ಎಚ್ಚರಿಕೆ ಹೇಳುತ್ತದೆ. ತೊಡೆದೇವು, ಹಪ್ಪಳ, ಸಂಡಿಗೆಗಳನ್ನು ಇಲ್ಲಿ ಯಾರೂ ನಿಷೇಧಿಸಿಲ್ಲ. ಅಂಗಡಿಯ ಪೊಟ್ಟಣ ಕೈಗೆಟಕುವಾಗ ನಾವೇ ಮಾಡುವುದನ್ನು ನಿಲ್ಲಿಸಿದರೆ, ಒಂದೇ ತಲೆಮಾರಿನಲ್ಲಿ ಆ ವಿದ್ಯೆ ಹೋದೀತು. ಸೇಬಿನ ತಳಿಯನ್ನು ಉಳಿಸುವುದು ಬೀಜವಲ್ಲ, ಕಸಿ. ಅದಕ್ಕೆ ಪ್ರತಿ ತಲೆಮಾರಿನಲ್ಲೂ ಯಾರಾದರೊಬ್ಬರು ಕೈಯಾಡಿಸಬೇಕು. ಸಮ್ಮೇಳನ ಮುಗಿಸಿ ಊರಿಗೆ ಮರಳಿದ ಮೇಲೆ ಮಕ್ಕಳನ್ನು ಒಮ್ಮೆ ಅಡುಗೆಮನೆಗೆ ಕರೆದು, ಹಿಟ್ಟು ಕಲಸುವ ಹದವನ್ನು ಅವರ ಕೈಗೇ ಕಲಿಸೋಣ.