ಧಾರವಾಡದ ಗ್ರಾಮೀಣ ಭಾಗದಲ್ಲಿ ಮನೋಚಿಕಿತ್ಸೆ: ಹೊರರೋಗಿ ತಂಡ ಮತ್ತು ಆಲಿಸುವ ಪರಂಪರೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ವಿಚಿತ್ರವಾಗಿ ವರ್ತಿಸುವವನನ್ನು ಕಂಡರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದು ಚೇಷ್ಟೆ ಮಾಡುವ ರೂಢಿ ಬಹುಕಾಲದಿಂದ ಇದೆ. ವಿದ್ಯಾಕೇಂದ್ರವೆಂದೂ ಸಾಹಿತ್ಯ ಸಂಗೀತಗಳ ತವರೆಂದೂ ಹೆಸರಾದ ಊರು, ಅದೇ ಸೀಮೆಯ ಜನರ ಮಾತಿನಲ್ಲಿ ಹುಚ್ಚಿನ ಪರ್ಯಾಯ ಪದವೂ ಆಗಿರುವುದು ಕುತೂಹಲಕರ ಸಂಗತಿ. ಈ ಒಂದು ನುಡಿಯಲ್ಲಿ ಎರಡು ಅರ್ಥಗಳು ಅಡಗಿವೆ. ಮನಸ್ಸಿನ ಕಾಯಿಲೆಗೆ ಮದ್ದು ದೊರೆಯುವ ಸ್ಥಳವೊಂದು ಇದೆ ಎಂಬ ತಿಳಿವಳಿಕೆ ಮೊದಲನೆಯದು. ಅಲ್ಲಿಗೆ ಹೋದವನು ಊರಿನ ಬಾಳಿನಿಂದ ಹೊರಗಾದನು ಎಂಬ ಭಯ ಎರಡನೆಯದು. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗಗಳಲ್ಲಿ ಮಾನಸಿಕ ಆರೋಗ್ಯ ಸೇವೆಯ ಇತಿಹಾಸವನ್ನು ಈ ಭಯವು ತಿಳಿವಳಿಕೆಗೆ ಎಡೆಮಾಡಿಕೊಟ್ಟ ಇತಿಹಾಸವೆಂದೇ ಓದಬಹುದು. ಮನೋವೈದ್ಯರ ತಂಡದೊಳಗೆ ಕುಳಿತು ರೋಗಿಯ ಮಾತನ್ನು ಆಲಿಸುವ ಮನೋಚಿಕಿತ್ಸಕನ ವೃತ್ತಿ ಇಲ್ಲಿ ಹೇಗೆ ನೆಲೆಗೊಂಡಿತು, ಜನಪದರ ಆಲಿಸುವ ಪರಂಪರೆಗೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಗೋಡೆಯೊಳಗಿನ ಆಸ್ಪತ್ರೆ

1956ರ ಏಕೀಕರಣದವರೆಗೆ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆಯಾಗಿತ್ತು. ಇಲ್ಲಿಯ ಮಾನಸಿಕ ಆಸ್ಪತ್ರೆಯ ಮೂಲ 19ನೆಯ ಶತಮಾನದ ಬ್ರಿಟಿಷ್ ಆಡಳಿತದಲ್ಲಿದೆ. 1858ರ ಕಾಯ್ದೆ ಅಂದಿನ ಹುಚ್ಚಾಸ್ಪತ್ರೆಗಳಿಗೆ ಕಾನೂನಿನ ಚೌಕಟ್ಟು ಒದಗಿಸಿತು. ಅದರ ಸ್ಥಾನದಲ್ಲಿ ಬಂದ 1912ರ ಕಾಯ್ದೆಯೂ ರೋಗಿಯನ್ನು ಮುಖ್ಯವಾಗಿ ಸಮಾಜದಿಂದ ಬೇರ್ಪಡಿಸಿ ಕಾಯಬೇಕಾದ ವ್ಯಕ್ತಿಯೆಂದೇ ಕಂಡಿತು. ದಾಖಲಾತಿಗೆ ನ್ಯಾಯಾಧಿಕಾರಿಯ ಆಜ್ಞೆ ಪ್ರಧಾನವಾಗಿದ್ದ ವ್ಯವಸ್ಥೆಯಲ್ಲಿ ರೋಗಿಯ ಮಾತಿಗೆ ಹೆಚ್ಚಿನ ಅವಕಾಶವಿರಲಿಲ್ಲ. 1912ರ ಕಾಯ್ದೆ ಸ್ವಾತಂತ್ರ್ಯಾನಂತರವೂ ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಉಳಿದು, 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಿ ಜಾರಿಗೆ ಬಂದಾಗ ತೆರವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಯಾಗಿ, ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿತು. ಧಾರವಾಡದ ಹಳೆಯ ಆಸ್ಪತ್ರೆಯೂ ಈ ಹಂತಗಳನ್ನು ದಾಟಿ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ‘ಡಿಮ್ಹಾನ್ಸ್’ ಆಗಿ ಬೋಧನೆ ಮತ್ತು ಚಿಕಿತ್ಸೆಗಳೆರಡನ್ನೂ ನಡೆಸುತ್ತಿದೆ.

ಕಾಯ್ದೆಗಳು ಬದಲಾದಷ್ಟು ಬೇಗ ಜನರ ನಾಲಿಗೆ ಬದಲಾಗಲಿಲ್ಲ. ಆಸ್ಪತ್ರೆಯ ಹೆಸರು ಎಷ್ಟು ಸಲ ಬದಲಾದರೂ ಹಳ್ಳಿಗರ ಪಾಲಿಗೆ ಅದು ‘ಹುಚ್ಚರ ದವಾಖಾನಿ’ಯಾಗಿಯೇ ಉಳಿಯಿತು. ಅಲ್ಲಿಗೆ ಹೋಗಿ ಬಂದ ಹುಡುಗಿಯ ಲಗ್ನ, ಹುಡುಗನ ನೌಕರಿ ಎರಡಕ್ಕೂ ಅಡ್ಡಿ ಬರುತ್ತದೆಂಬ ಅಂಜಿಕೆ ಮನೆತನಗಳನ್ನು ತಡೆಯಿತು. ಆದ್ದರಿಂದ ಆಸ್ಪತ್ರೆಗೆ ಜನರನ್ನು ಕರೆಯುವುದಕ್ಕಿಂತ ಚಿಕಿತ್ಸೆಯನ್ನು ಜನರ ಬಳಿಗೆ ಒಯ್ಯುವುದೇ ಮುಂದಿನ ಘಟ್ಟವಾಯಿತು.

2. ತಂಡದ ಹುಟ್ಟು

ಮನೋವೈದ್ಯ, ಮನಶ್ಶಾಸ್ತ್ರಜ್ಞ ಮತ್ತು ಸಮಾಜ ಕಾರ್ಯಕರ್ತ ಈ ಮೂವರು ಒಟ್ಟಿಗೆ ಕುಳಿತು ಒಬ್ಬ ರೋಗಿಯನ್ನು ನೋಡುವ ಪದ್ಧತಿ ಅಮೆರಿಕದ ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿ 1920ರ ದಶಕದಲ್ಲಿ ರೂಪುಗೊಂಡಿತು. ಮುಂಬಯಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮರುವರ್ಷವೇ ಅಂಥ ಕೇಂದ್ರವನ್ನು ತೆರೆಯಿತು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೂ ತರಬೇತುಗೊಳಿಸಿತು. ಈ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಸಮುದಾಯ ಮನೋವೈದ್ಯಕೀಯ ವಿಭಾಗ 1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಪ್ರಯೋಗವನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೂ ಆರೋಗ್ಯ ಕಾರ್ಯಕರ್ತೆಗೂ ಮನೋರೋಗಗಳನ್ನು ಗುರುತಿಸಲು ಕಲಿಸಬಹುದೆಂಬುದನ್ನು ಅದು ತೋರಿಸಿತು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕಾರವಾಯಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಜಾರಿಗೆ ತರುವ ಪ್ರಯೋಗ 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ ನಡೆಯಿತು. ‘ಬಳ್ಳಾರಿ ಮಾದರಿ’ ಎಂದು ಪ್ರಸಿದ್ಧವಾದ ಈ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಇಡೀ ದೇಶಕ್ಕೆ ಮಾದರಿಯಾದ ವ್ಯವಸ್ಥೆ ಕನ್ನಡ ನಾಡಿನ ಬಯಲುಸೀಮೆಯ ಜಿಲ್ಲೆಯೊಂದರಲ್ಲಿ, ಕನ್ನಡದಲ್ಲಿ ಮಾತನಾಡುವ ರೋಗಿಗಳ ನಡುವೆ ರೂಪುಗೊಂಡಿತೆಂಬುದು ನೆನಪಿಡತಕ್ಕ ವಿಷಯ. ಮನೋವೈದ್ಯ, ಮನಶ್ಶಾಸ್ತ್ರಜ್ಞ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಶುಶ್ರೂಷಕಿ ಇವರನ್ನೊಳಗೊಂಡ ಜಿಲ್ಲಾ ತಂಡದ ಕಲ್ಪನೆ ಈ ಕಾರ್ಯಕ್ರಮದಿಂದಲೇ ವ್ಯಾಪಕವಾಯಿತು. 2014ರಲ್ಲಿ ಕರ್ನಾಟಕ ಸರಕಾರ ಆರಂಭಿಸಿದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಜ್ಞರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. ‘ಧಾರವಾಡಕ್ಕ ಕಳಸುವ’ ಬದಲು ಧಾರವಾಡವೇ ತಾಲೂಕಿಗೆ ಬರತೊಡಗಿತೆಂದು ಇದನ್ನು ಅರ್ಥೈಸಬಹುದು.

ಈ ಬದಲಾವಣೆಯ ಬೆಲೆ ತಿಳಿಯಬೇಕಾದರೆ ರೋಗಿಯ ಮನೆಯ ಲೆಕ್ಕಾಚಾರವನ್ನು ನೋಡಬೇಕು. ದೂರದ ಆಸ್ಪತ್ರೆಗೆ ಹೋಗಲು ರೋಗಿಯ ಜೊತೆ ಒಬ್ಬರು ಬೇಕು. ಇಬ್ಬರ ಬಸ್ ಚಾರ್ಜು, ಇಬ್ಬರ ಒಂದು ದಿನದ ಕೂಲಿ, ಮನೆಯಲ್ಲಿ ದನಕರುಗಳನ್ನು ನೋಡಿಕೊಳ್ಳುವವರ ಹುಡುಕಾಟ ಎಲ್ಲವೂ ಸೇರುತ್ತವೆ. ಮನೋರೋಗದ ಗುಳಿಗೆಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುವುದರಿಂದ, ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಚಿಕಿತ್ಸೆ ಕಡಿದುಹೋಗುವುದು ಸಹಜ. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿರುವುದನ್ನೂ, ಅಂಥವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಂದ ಹೊರಗುಳಿದಿರುವುದನ್ನೂ ತೋರಿಸಿತು.

ಹೊರರೋಗಿ ತಂಡದಲ್ಲಿ ವೈದ್ಯನು ರೋಗವನ್ನು ನಿರ್ಧರಿಸಿ ಔಷಧ ಬರೆಯುತ್ತಾನೆ. ಮನೋಚಿಕಿತ್ಸಕನ ಕೆಲಸ ಅದರ ಹಿಂದೆಯೂ ಮುಂದೆಯೂ ಹರಡಿದೆ. ರೋಗಿಯ ಪೂರ್ವವೃತ್ತಾಂತವನ್ನು ಕೇಳುವುದು, ಮನೆಯವರೊಡನೆ ಬೇರೆಯಾಗಿ ಮಾತನಾಡುವುದು, ನಿದ್ದೆ ಬಂದೊಡನೆ ಗುಳಿಗೆ ಬಿಡಬಾರದೆಂದು ತಿಳಿಹೇಳುವುದು, ತಪ್ಪಿಸಿಕೊಂಡವರನ್ನು ಆಶಾ ಕಾರ್ಯಕರ್ತೆಯ ಮೂಲಕ ಹುಡುಕಿಸುವುದು, ಅಂಗವಿಕಲತೆಯ ಪ್ರಮಾಣಪತ್ರಕ್ಕೆ ದಾರಿ ತೋರಿಸುವುದು ಎಲ್ಲವೂ ಇದರಲ್ಲಿ ಸೇರಿವೆ. ಜನರ ಬಾಯಲ್ಲಿ ಈತ ‘ಮಾತಾಡೋ ಡಾಕ್ಟರ’. ವೃತ್ತಿಯ ಸಾರವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ.

3. ನೋವಿನ ನುಡಿಗಟ್ಟು

ಈ ಭಾಗದ ರೋಗಿ ತನಗೆ ಖಿನ್ನತೆಯಿದೆ ಎಂದು ಹೇಳುವುದಿಲ್ಲ. ‘ಎದಿ ಭಾರ ಆಗೇತಿ’, ‘ಜೀಂವಾ ಬ್ಯಾಸರಾಗೇತಿ’, ‘ಮನಸಿಗೆ ಹಚ್ಚಿಕೊಂಡೇನಿ’, ‘ನಿದ್ದಿ ಹತ್ತವಲ್ದು’ ಎನ್ನುತ್ತಾನೆ. ಇವು ಒಂದೇ ಅರ್ಥದ ಬೇರೆ ಬೇರೆ ಮಾತುಗಳಲ್ಲ. ಎದೆಯ ಭಾರ ದೇಹದಲ್ಲಿ ಕುಳಿತ ಸಂಕಟ. ಜೀವದ ಬೇಸರದಲ್ಲಿ ಬದುಕುವ ಆಸೆ ಸೋರಿಹೋಗುತ್ತಿರುವ ಸೂಚನೆಯಿದೆ. ಅನುಭವಿ ಚಿಕಿತ್ಸಕ ಅದನ್ನು ಕೇಳಿದೊಡನೆ ಎಚ್ಚರಗೊಳ್ಳುತ್ತಾನೆ. ‘ಮನಸಿಗೆ ಹಚ್ಚಿಕೊಳ್ಳುವುದು’ ಎಂಬಲ್ಲಿ ಯಾರೋ ಆಡಿದ ಮಾತೊಂದರ ಕಥೆ ಹಿನ್ನೆಲೆಯಲ್ಲಿ ಇದ್ದೇ ಇರುತ್ತದೆ. ಆ ಮಾತು ಯಾರದು ಎಂದು ಕೇಳಿದರೆ ಮಾತ್ರ ಕಥೆ ಹೊರಬರುತ್ತದೆ. ಕೇಸ್ ಪೇಪರಿನಲ್ಲಿ ಇವೆಲ್ಲ ‘ನಿದ್ರಾಹೀನತೆ’, ‘ನಿರುತ್ಸಾಹ’ ಎಂಬ ಶಬ್ದಗಳಾಗಿ ಬದಲಾಗುವಾಗ ರೋಗ ಉಳಿಯುತ್ತದೆ, ರೋಗಿ ಕಾಣೆಯಾಗುತ್ತಾನೆ.

ಹೇಳದೆ ಉಳಿದ ಮಾತು ಮನುಷ್ಯನನ್ನು ಕಾಡುತ್ತದೆ ಎಂಬ ತಿಳಿವು ಜನಪದರಿಗೆ ಹೊಸದಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದು ಇಲ್ಲಿ ಉಲ್ಲೇಖಾರ್ಹ. ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತವೆ. ಅವಳು ಅವನ್ನು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಬಾಗಿಲಲ್ಲಿ ಗಂಡಸಿನ ಜೋಡು ಮತ್ತು ಅಂಗಿಯ ರೂಪ ತಾಳುತ್ತವೆ. ಗಂಡ ಸಂಶಯಪಟ್ಟು ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಹರಟುವಾಗ ಅವನಿಗೆ ನಿಜ ತಿಳಿಯುತ್ತದೆ. ಮರುದಿನ ಅವನು ಕೇಳಿದಾಗ ಅವಳಿಗೆ ಕಥೆಯೂ ಹಾಡೂ ಮರೆತುಹೋಗಿರುತ್ತವೆ. ಗಿರೀಶ ಕಾರ್ನಾಡರು ತಮ್ಮ ‘ನಾಗಮಂಡಲ’ ನಾಟಕದಲ್ಲಿ ಈ ಆಶಯವನ್ನು ಬಳಸಿಕೊಂಡಿದ್ದಾರೆ. ವಿದ್ವಾಂಸರು ಸಾಮಾನ್ಯವಾಗಿ ಇದನ್ನು ಕಥೆಯ ಕುರಿತ ಕಥೆಯೆಂದು ವಿವರಿಸುತ್ತಾರೆ. ಚಿಕಿತ್ಸೆಯ ದೃಷ್ಟಿಯಿಂದ ಅದರ ಮುಕ್ತಾಯವೇ ಮುಖ್ಯ. ಕೇಳುವವನು ತಡವಾಗಿ ಬಂದರೆ ಹೇಳುವ ಮಾತೇ ಉಳಿದಿರುವುದಿಲ್ಲ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ತವರು, ಅತ್ತೆ, ಸವತಿಯರ ದುಃಖವನ್ನು ಹಾಡಾಗಿಸುತ್ತಿದ್ದ ಕಾಲ ಹಿಟ್ಟಿನ ಗಿರಣಿ ಬಂದಮೇಲೆ ಸರಿದುಹೋಯಿತು. ಹಾಡಿನ ಜೊತೆಗೆ ದುಃಖವನ್ನು ಹೇಳಿಕೊಳ್ಳುವ ತಾಣವೂ ಹೋಯಿತು. ದುಃಖ ಮಾತ್ರ ಹೋಗಲಿಲ್ಲ.

4. ಗುಡಿ, ದರ್ಗಾ, ದವಾಖಾನೆ

ಮನೋರೋಗವನ್ನು ‘ಗಾಳಿ’, ‘ದೆವ್ವ’, ‘ದೃಷ್ಟಿ’ ಎಂದು ಅರ್ಥೈಸಿ ತಾಯಿತ, ಅಂಗಾರಗಳಿಂದ ಶಮನಗೊಳಿಸುವ ನಂಬಿಕೆ ಈ ಸೀಮೆಯಲ್ಲಿ ಆಳವಾಗಿದೆ. ನವಲಗುಂದ ತಾಲೂಕಿನ ಯಮನೂರಿನಲ್ಲಿ ಚಾಂಗದೇವನೆಂದು ಹಿಂದೂಗಳೂ ರಾಜಾಬಾಗಸವಾರನೆಂದು ಮುಸಲ್ಮಾನರೂ ನಡೆದುಕೊಳ್ಳುವ ಕ್ಷೇತ್ರವಿದ್ದು, ಅಲ್ಲಿಯ ಬೆಣ್ಣೆಹಳ್ಳದ ಸ್ನಾನದಿಂದ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ ಪ್ರಸಿದ್ಧ. ದೇಹದ ಕಾಯಿಲೆಗೆ ಹರಕೆ ಹೊರುವ ಜನ ಮನಸ್ಸಿನ ಕಾಯಿಲೆಗೆ ಮೊದಲು ಗುಡಿಗಳತ್ತ ಮುಖಮಾಡುವುದು ಆಶ್ಚರ್ಯವಲ್ಲ. ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಹುಚ್ಚಪ್ಪ, ಹುಚ್ಚವ್ವ, ಹುಚ್ಚಯ್ಯ ಎಂಬ ಹೆಸರುಗಳು ಇಲ್ಲಿ ಗೌರವದ ವ್ಯಕ್ತಿನಾಮಗಳು. ಬಾಗಲಕೋಟೆ ಜಿಲ್ಲೆಯ ಕಮತಗಿಯಲ್ಲಿ ಹುಚ್ಚೇಶ್ವರ ಮಠವೇ ಇದೆ. ಲೋಕದ ರೀತಿಗೆ ಹೊರತಾದ ನಡೆಯುಳ್ಳ ಅವಧೂತರನ್ನು ಪೂಜಿಸಿದ ಸಮಾಜವಿದು. ಹುಚ್ಚಿಗೆ ಪೂಜೆಯೂ ಹೀಯಾಳಿಕೆಯೂ ಒಂದೇ ಊರಿನಲ್ಲಿ ಸಲ್ಲುತ್ತ ಬಂದಿವೆ.

ಜನಪದ ಚಿಕಿತ್ಸಕರ ಬಗೆಗೆ ವೈದ್ಯಲೋಕ ತಳೆದ ಆಸಕ್ತಿಗೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ಕರಾವಳಿಯ ಕೋಟ ಗ್ರಾಮವನ್ನು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದ ಗ್ರಂಥ ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ಚಿಕಿತ್ಸಕರನ್ನು ಗುರುತಿಸಿತು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರೋಗಲಕ್ಷಣಗಳು ಸುಮಾರು ಐದನೆಯ ಒಂದು ಭಾಗದಷ್ಟು ತಗ್ಗಿದ್ದನ್ನು ದಾಖಲಿಸಿದರು. ಅಲ್ಲಿ ರೋಗಿಯ ಜೊತೆಗೆ ಮನೆಯವರು ಇರುತ್ತಿದ್ದರು, ಬೈಗುಳವಿರಲಿಲ್ಲ, ಮಾಡಲು ಸಣ್ಣಪುಟ್ಟ ಕೆಲಸವಿತ್ತು. ಆದರೆ ಇದನ್ನೇ ಹಿಡಿದು ಪರಂಪರೆಯನ್ನೆಲ್ಲ ಕೊಂಡಾಡುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ದರ್ಗಾದ ಆಸುಪಾಸಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಲಾಗಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾಗದೆ ಸತ್ತರು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಪಕ್ಕದಲ್ಲಿಯೇ ಔಷಧವನ್ನೂ ಒದಗಿಸುವ ‘ದವಾ–ದುವಾ’ ಪ್ರಯೋಗ ಈ ಎರಡು ತುದಿಗಳ ನಡುವಿನ ದಾರಿಯನ್ನು ಸೂಚಿಸುತ್ತದೆ. ‘ದೇವರಿಗೆ ನಡಕೋರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ’ ಎನ್ನುವ ಚಿಕಿತ್ಸಕ ಅದೇ ದಾರಿಯವನು.

5. ಎರೆನೆಲದ ಸಂಕಟ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳು ಬಹುಪಾಲು ಮಳೆಯನ್ನು ನಂಬಿದ ಎರೆಭೂಮಿಯ ನಾಡು. ಕಲಘಟಗಿ ಮಲೆನಾಡಿನ ಸೆರಗು. ಹತ್ತಿ, ಕಡಲೆ, ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿಗಳ ದರ ಇಳಿದ ವರ್ಷ ಮನೆಮನೆಯ ನಿದ್ದೆಯೂ ಕೆಡುತ್ತದೆ. 1980ರ ಜುಲೈಯಲ್ಲಿ ನರಗುಂದ ಮತ್ತು ನವಲಗುಂದಗಳ ರೈತರು ಬಂಡೆದ್ದಾಗ ಅವರ ಸಂಕಟಕ್ಕೆ ಸಾಮೂಹಿಕ ದನಿಯಿತ್ತು. ಎರಡು ದಶಕಗಳ ತರುವಾಯ ಅದೇ ಬಗೆಯ ಸಂಕಟ ಒಬ್ಬೊಬ್ಬ ರೈತನ ಮೌನವಾಗಿ, ಆತ್ಮಹತ್ಯೆಯಾಗಿ ಪ್ರಕಟವಾಗತೊಡಗಿತು. ಡಾ. ಜಿ.ಕೆ. ವೀರೇಶ್ ನೇತೃತ್ವದ ಸಮಿತಿ 2002ರ ವರದಿಯಲ್ಲಿ ರೈತರ ಆತ್ಮಹತ್ಯೆಗೆ ಹಲವು ಕಾರಣಗಳತ್ತ ಬೊಟ್ಟುಮಾಡಿದಾಗ, ಸಾಲ ಮತ್ತು ಬೆಲೆಕುಸಿತಗಳ ತೂಕ ಕಡಿಮೆಯಾಯಿತೆಂಬ ಟೀಕೆ ಬಂದಿತು.

ಈ ವಾದ ಮನೋಚಿಕಿತ್ಸಕನ ಮೇಜಿನ ಮೇಲೆ ಇಂದಿಗೂ ಜೀವಂತವಾಗಿದೆ. ಸಾಲಗಾರನಾದ ರೈತನ ನಿದ್ದೆಗೇಡನ್ನು ಬರಿಯ ಕಾಯಿಲೆಯೆಂದರೆ ಸಮಾಜದ ಹೊಣೆ ತಪ್ಪಿಹೋಗುತ್ತದೆ. ಬರಿಯ ಸಾಲವೆಂದರೆ, ಗುಳಿಗೆಯಿಂದಲೂ ಮಾತಿನಿಂದಲೂ ಉಳಿಯಬಹುದಾಗಿದ್ದ ಜೀವ ಹೋಗುತ್ತದೆ. ತಂಡದಲ್ಲಿ ಸಮಾಜ ಕಾರ್ಯಕರ್ತನೂ ಇರಬೇಕಾದ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಕಾನೂನೂ ಈ ದಿಕ್ಕಿನಲ್ಲಿ ಸರಿದಿದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು 2017ರ ಕಾಯ್ದೆ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮಿಗೆ ಸ್ಥಾನ ದೊರೆಯಲಿಲ್ಲ. ವಿಷ ಕುಡಿದವನನ್ನು ಪೊಲೀಸರ ಅಂಜಿಕೆಯಿಂದ ಮನೆಯಲ್ಲಿಯೇ ಮುಚ್ಚಿಡುವ ರೂಢಿಗೆ ಇನ್ನು ಕಾರಣ ಉಳಿದಿಲ್ಲ. ಈ ಸುದ್ದಿ ಪ್ರತಿ ಹಳ್ಳಿಯ ಕಟ್ಟೆಗೂ ತಲುಪಬೇಕಾಗಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಿಂದ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಮಾಲೋಚನೆ ಪಡೆಯುವ ಅವಕಾಶವೂ ದೊರೆತಿದೆ.

ಉಪಸಂಹಾರ

ಧಾರವಾಡದ ಗ್ರಾಮೀಣ ಭಾಗದ ಮನೋಚಿಕಿತ್ಸೆ ಗೋಡೆಯೊಳಗಿನ ಆಸ್ಪತ್ರೆಯಿಂದ ತಾಲೂಕಿನ ಹೊರರೋಗಿ ವಿಭಾಗದವರೆಗೆ ನಡೆದು ಬಂದಿದೆ. ಈ ನಡಿಗೆಯಲ್ಲಿ ಔಷಧದ ಪಾಲು ದೊಡ್ಡದು, ಕಾನೂನಿನ ಪಾಲೂ ಸಣ್ಣದಲ್ಲ. ಆದರೆ ರೋಗಿ ಬಾಯಿಬಿಡುವುದು ತನ್ನ ನುಡಿಯನ್ನು ಬಲ್ಲವನ ಮುಂದೆ ಮಾತ್ರ. ಬಿ.ಎಸ್. ಗದ್ದಗಿಮಠ, ಎಂ.ಎಸ್. ಸುಂಕಾಪುರ ಮೊದಲಾದ ವಿದ್ವಾಂಸರಿಂದ ಬೆಳೆದ ಧಾರವಾಡದ ಜಾನಪದ ಅಧ್ಯಯನ ಈ ಸೀಮೆಯ ಹಾಡು, ಕಥೆ, ಗಾದೆಗಳನ್ನು ಕೂಡಿಹಾಕಿದೆ. ನೋವನ್ನು ಹೇಳುವ ನುಡಿಗಟ್ಟುಗಳ ಕೋಶವೊಂದು ಆ ಕೆಲಸದ ಮುಂದುವರಿಕೆಯಾಗಿ ಸಿದ್ಧವಾದರೆ, ಅದರ ಮೊದಲ ಓದುಗ ತಾಲೂಕು ಆಸ್ಪತ್ರೆಯಲ್ಲಿ ಕುಳಿತ ಮನೋಚಿಕಿತ್ಸಕನೇ ಆಗಿರುತ್ತಾನೆ. ಕಥೆ ಮರೆತುಹೋಗುವ ಮೊದಲೇ ಕೇಳಬಲ್ಲವನು ಬೇಕು ಎಂಬ ಜನಪದ ವಿವೇಕಕ್ಕೆ ಅದು ಸಲ್ಲುವ ಗೌರವವೂ ಆಗುತ್ತದೆ.