ವಿಟಮಿನ್ ಸಿ ಸೀರಂ: ಬಿಸಿಲೂರಿನಲ್ಲಿ ಕೊಳ್ಳೋ ಮುಂಚೆ ಇಷ್ಟು ತಿಳ್ಕೊಳ್ಳಿ

ಸಿಂಧನೂರು: ಮೊದಲು ದೊಡ್ಡ ಊರುಗಳಲ್ಲಷ್ಟೇ ಕಾಣುತ್ತಿದ್ದ ವಿಟಮಿನ್ ಸಿ ಸೀರಂ ಈಗ ಸಿಂಧನೂರು, ಲಿಂಗಸುಗೂರು, ಮಸ್ಕಿಯವರ ಕೈಗೂ ಬಂದಿದೆ. ಮೆಡಿಕಲ್ ಶಾಪ್, ಫ್ಯಾನ್ಸಿ ಸ್ಟೋರ್‌ನಲ್ಲಿ ಕೊಳ್ಳುವವರಿದ್ದಾರೆ, ಮೊಬೈಲ್‌ನಲ್ಲಿ ಆರ್ಡರ್ ಮಾಡುವವರೂ ಇದ್ದಾರೆ. ಆದರೆ ಇದು ಶಾಖಕ್ಕೆ ಬೇಗ ಕೆಡುವ ವಸ್ತು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ನೂರಾರು ರೂಪಾಯಿ ಕೊಟ್ಟು ತಂದ ಬಾಟ್ಲಿ ಅರ್ಧ ಖಾಲಿಯಾಗೋದರೊಳಗೆ ಹಾಳಾಗಬಹುದು. ಇದನ್ನು ಬಿಟ್ಟು 'ವಾರದಲ್ಲಿ ಬೆಳ್ಳಗೆ' ಅನ್ನುವ ಕ್ರೀಮಿಗೆ ಹೋದರಂತೂ ಮುಖಕ್ಕೇ ಕುತ್ತು.

ಇದು ಏನು ಮಾಡುತ್ತದೆ?

ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಸಿಡ್. ಬಿಸಿಲಿನಿಂದ ಚರ್ಮಕ್ಕೆ ಆಗುವ ಹಾನಿಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಕಪ್ಪು ಬಣ್ಣ ಕೊಡುವ ಮೆಲನಿನ್ ಉತ್ಪತ್ತಿ ಕಡಿಮೆ ಮಾಡುತ್ತದೆ, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್‌ಗೆ ನೆರವಾಗುತ್ತದೆ. ಮೊಡವೆ ಕಲೆ, ಬಿಸಿಲಿನ ಕಪ್ಪು ನಿಧಾನಕ್ಕೆ ತಿಳಿಯಾಗಬಹುದು. ಅದಕ್ಕೂ 2ರಿಂದ 3 ತಿಂಗಳು ದಿನಾ ಹಚ್ಚಬೇಕು. ಹುಟ್ಟಿನಿಂದ ಬಂದ ಮೈಬಣ್ಣವನ್ನು ಇದು ಬದಲಿಸೋದಿಲ್ಲ. ಬಂಗು ಇದ್ದವರಿಗೆ ಇದೊಂದೇ ಸಾಕಾಗೋದಿಲ್ಲ, ಚರ್ಮದ ಡಾಕ್ಟರ್ ಹತ್ತಿರ ತೋರಿಸಬೇಕು.

ಲೇಬಲ್‌ನಲ್ಲಿ ನೋಡಬೇಕಾದ್ದು

* ಪ್ರಮಾಣ: ಹೊಸದಾಗಿ ಶುರು ಮಾಡುವವರಿಗೆ ಶೇ 10 ಸಾಕು. ಶೇ 20ಕ್ಕಿಂತ ಹೆಚ್ಚಾದರೆ ಲಾಭ ಹೆಚ್ಚೋದಿಲ್ಲ, ಉರಿ ಹೆಚ್ಚುತ್ತದೆ.
* ಯಾವ ರೂಪ: 'ಎಲ್-ಆಸ್ಕಾರ್ಬಿಕ್ ಆಸಿಡ್' ಅಂತಿದ್ದರೆ ಶಕ್ತಿ ಜಾಸ್ತಿ, ಆದರೆ ಬೇಗ ಕೆಡುತ್ತದೆ. 'ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್', 'ಆಸ್ಕಾರ್ಬಿಲ್ ಗ್ಲುಕೋಸೈಡ್', 'ಈಥೈಲ್ ಆಸ್ಕಾರ್ಬಿಕ್ ಆಸಿಡ್' ಅಂತಿದ್ದರೆ ಕೆಲಸ ನಿಧಾನ, ಆದರೆ ಶಾಖಕ್ಕೆ ಹೆಚ್ಚು ತಡೆಯುತ್ತವೆ. ಸೂಕ್ಷ್ಮ ಚರ್ಮದವರಿಗೂ, ಫ್ರಿಜ್ ಇಲ್ಲದ ಮನೆಗೂ ಇವೇ ವಾಸಿ.
* ಜೊತೆಗಿರುವುದು: ವಿಟಮಿನ್ ಇ, ಫೆರುಲಿಕ್ ಆಸಿಡ್ ಸೇರಿಸಿದ್ದರೆ ಸೀರಂ ಹೆಚ್ಚು ದಿನ ಬಾಳುತ್ತದೆ.
* ಬಾಟ್ಲಿ: ಕಂದು ಗಾಜು ಅಥವಾ ಬೆಳಕು ಹಾಯದ ಪಂಪ್ ಬಾಟ್ಲಿ ಇರಲಿ. ಪಾರದರ್ಶಕ ಬಾಟ್ಲಿ ಬೇಡ. 30 ಎಂಎಲ್‌ಗಿಂತ ದೊಡ್ಡದು ತಗೊಳ್ಳಬೇಡಿ.
* ವಿಳಾಸ: ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಮುಕ್ತಾಯದ ದಿನಾಂಕ, ಒಳಗಿರುವ ಪದಾರ್ಥಗಳ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ?

ಎಲ್-ಆಸ್ಕಾರ್ಬಿಕ್ ಆಸಿಡ್ ಇರುವ ಸೀರಂ ಸಾಮಾನ್ಯವಾಗಿ ನೀರಿನಂತೆ ಅಥವಾ ತೀರಾ ತಿಳಿ ಹಳದಿ ಇರುತ್ತದೆ. ಗಾಳಿ, ಬೆಳಕು, ಶಾಖ ತಾಗಿದಂತೆ ಹಳದಿ ಗಾಢವಾಗಿ, ಕೊನೆಗೆ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಆ ಬಣ್ಣ ಬಂದರೆ ಅದರ ಕೆಲಸ ಮುಗಿದಂತೆ, ಹಚ್ಚಬೇಡಿ. ತಂದ ದಿನವೇ ಒಂದು ಹನಿ ಬಿಳಿ ಹಾಳೆ ಮೇಲೆ ಹಾಕಿ ಬಣ್ಣ ನೋಡಿಟ್ಟುಕೊಂಡರೆ ಆಮೇಲೆ ಹೋಲಿಸೋದು ಸುಲಭ. ತೆರೆದ ಮೇಲೆ 2-3 ತಿಂಗಳಲ್ಲಿ ಮುಗಿಸಿ. ಫ್ರಿಜ್ ಇದ್ದರೆ ಅದರಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಇಲ್ಲದಿದ್ದರೆ ಒಳಕೋಣೆಯ ಕತ್ತಲ ಕಪಾಟು. ಬಚ್ಚಲಮನೆ, ಕಿಟಕಿ, ಪತ್ರಾಸ್ ಕೆಳಗಿನ ಅಟ್ಟ ಬೇಡವೇ ಬೇಡ. ಬೇಸಿಗೆಯಲ್ಲಿ ಆನ್‌ಲೈನ್ ಪಾರ್ಸಲ್ ತರಿಸಿದರೆ ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ, ಬಣ್ಣ ತಿರುಗಿದ್ದರೆ ವಾಪಸ್ ಮಾಡೋಕೆ ಅನುಕೂಲ.

ಹಚ್ಚುವ ಕ್ರಮ

ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ 2 ದಿನ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ಮುಖಕ್ಕೆ ಬನ್ನಿ. ಮುಂಜಾನೆ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ 3-4 ಹನಿ ಸಾಕು. ಮೊದಲ ಎರಡು ವಾರ ದಿನ ಬಿಟ್ಟು ದಿನ. ಸ್ವಲ್ಪ ಚುರುಚುರು ಸಹಜ, ಉರಿ ನಿಲ್ಲದಿದ್ದರೆ ತೊಳೆದು ಬಿಡಿ.

ಅದರ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಕಡ್ಡಾಯ. ಸನ್‌ಸ್ಕ್ರೀನ್ ಇಲ್ಲದೆ ಸೀರಂ ಮಾತ್ರ ಹಚ್ಚಿಕೊಂಡು ಬಿಸಿಲಿಗೆ ಹೋದರೆ ದುಡ್ಡು ದಂಡ. ನಾಟಿ, ಕಳೆ, ಹತ್ತಿ ಬಿಡಿಸೋ ಕೆಲಸದವರು, ದಿನವಿಡೀ ಬೈಕ್ ಮೇಲಿರುವವರು ತಲೆ-ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳೋದನ್ನು ಬಿಡಬಾರದು. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಸನ್‌ಸ್ಕ್ರೀನ್ ತಗೊಳ್ಳಿ.

ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುವವರು ಅದನ್ನು ರಾತ್ರಿಗೆ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಹಚ್ಚಿದರೆ ವಿಟಮಿನ್ ಸಿ ಕೆಲಸ ಮಾಡೋದಿಲ್ಲ.

ನಿಂಬೆಹಣ್ಣು ಉಜ್ಜಬೇಡಿ

'ನಿಂಬೆಯಲ್ಲೂ ವಿಟಮಿನ್ ಸಿ ಐತಲ್ಲ, ಸೀರಂ ಯಾಕೆ' ಅಂತ ಕೇಳುವವರಿದ್ದಾರೆ. ನಿಂಬೆ ರಸದ ಹುಳಿ ಚರ್ಮವನ್ನು ಸುಡುತ್ತದೆ. ಜೊತೆಗೆ ಅದರಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ತಾಗಿದಾಗ ಗುಳ್ಳೆ ಎಬ್ಬಿಸಿ, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಬಿಡುತ್ತವೆ. ನಿಂಬೆ, ನೆಲ್ಲಿಕಾಯಿ, ಪೇರಲ ಹೊಟ್ಟೆಗೆ ಒಳ್ಳೆಯದು, ಮುಖಕ್ಕಲ್ಲ.

ವಾರದಲ್ಲಿ ಬೆಳ್ಳಗೆ ಮಾಡುವ ಕ್ರೀಮು

ಮದುವೆ ಸೀಸನ್ ಬಂತೆಂದರೆ 'ಜಲ್ದಿ ಬೆಳ್ಳಗಾಗೋ ಕ್ರೀಮ್ ಕೊಡ್ರಿ' ಅಂತ ಕೇಳುವವರು ಹೆಚ್ಚು. ವಿಟಮಿನ್ ಸಿ ವಾರದಲ್ಲಿ ಬೆಳ್ಳಗೆ ಮಾಡೋದಿಲ್ಲ. ಹಾಗೆ ಮಾಡುವ ಕ್ರೀಮಿನಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ ಇರುವ ಸಾಧ್ಯತೆಯೇ ಹೆಚ್ಚು.

ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇವು ಸ್ಟೀರಾಯ್ಡ್ ಹೆಸರುಗಳು. ಡಾಕ್ಟರ್ ಹೇಳಿದ ಕಾಯಿಲೆಗೆ, ಹೇಳಿದಷ್ಟು ದಿನ ಹಚ್ಚಿದರೆ ಔಷಧ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣಿಸುತ್ತದೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬೆಳೆಯುತ್ತದೆ. ಬಿಟ್ಟ ತಕ್ಷಣ ಮುಖ ಉರಿದು ಕೆಂಪಾಗುವುದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಈಗಾಗಲೇ ಈ ಸುಳಿಯಲ್ಲಿ ಸಿಕ್ಕವರು ತಾವಾಗಿ ನಿಲ್ಲಿಸದೆ ಚರ್ಮದ ಡಾಕ್ಟರ್ ಹತ್ತಿರ ಹೋಗಬೇಕು. ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ಹಚ್ಚುತ್ತಿದ್ದ ಟ್ಯೂಬ್ ಜೊತೆಗಿರಲಿ.

ಪಾದರಸದ್ದು ಇನ್ನೂ ಅಪಾಯ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ವಿಳಾಸವಿಲ್ಲದ ಬಿಳುಪು ಕ್ರೀಮ್ ಹಚ್ಚುತ್ತಿದ್ದವರಿಗೆ ಕಿಡ್ನಿ ಕಾಯಿಲೆ ಬಂದದ್ದನ್ನು ಅಲ್ಲಿನ ವೈದ್ಯರು ಪತ್ತೆ ಮಾಡಿದ್ದರು. ಮುಖಕ್ಕೆ ಹಚ್ಚಿದ್ದು ಚರ್ಮದ ಮೂಲಕ ರಕ್ತ ಸೇರಿ ಕಿಡ್ನಿ ತಲುಪಿತ್ತು.

ಅಂಗಡಿಯವರ ಗಮನಕ್ಕೆ

* ಸೀರಂ ಬಾಟ್ಲಿಗಳನ್ನು ಬಿಸಿಲು ಬೀಳುವ ಮುಂದಿನ ಶೋಕೇಸ್‌ನಲ್ಲಿ ಇಡಬೇಡಿ. ಒಳಗಿನ ತಂಪು ಕಪಾಟಿನಲ್ಲಿಡಿ, ಶೋಕೇಸ್‌ಗೆ ಖಾಲಿ ಡಬ್ಬಿ ಸಾಕು.
* ಬೇಸಿಗೆಯಲ್ಲಿ ಸ್ಟಾಕ್ ಕಡಿಮೆ ತರಿಸಿ. ಹಳೆಯ ಬ್ಯಾಚ್ ಮೊದಲು ಮಾರಿ.
* ಸ್ಟೀರಾಯ್ಡ್ ಕ್ರೀಮುಗಳು 2018ರಿಂದ ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಫ್ಯಾನ್ಸಿ ಸ್ಟೋರ್, ಬ್ಯೂಟಿ ಪಾರ್ಲರ್‌ನವರು ಮಾರುವಂತೆಯೇ ಇಲ್ಲ.
* ಪ್ರತಿ ಬಾಟ್ಲಿಗೂ ಬಿಲ್ ಕೊಡಿ.

ಗ್ರಾಹಕರೂ ಬಿಲ್ ಕೇಳಿ ಪಡೆಯಬೇಕು. ಅವಧಿ ಮುಗಿದ ಅಥವಾ ನಕಲಿ ಮಾಲು ಕೊಟ್ಟು ವಾಪಸ್ ತಗೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಬಿಲ್ ಇದ್ದರೆ ಮಾತಿಗೆ ಬಲ.